ಸಾವಕಾರರ ಕುರುಡು ಲ್ಯಾಪ್‌ಟಾಪ್

ಭೂಕಂಪವಾದ ಮೇಲೆ ಉಮರ್ಗಾಕ್ಕೆ ಬಂದವಳು ನಾನು. ಅಂದಿನಿಂದ ಒಂದೇ ಕಾಳಿನ ಅಡತಿ ಅಂಗಡಿಯಲ್ಲಿ ಕಸ ಗುಡಿಸಿದೆ, ತೊಗರಿ ಹಸನು ಮಾಡಿದೆ, ಚೀಲ ಹೊಲಿದೆ. ನನ್ನ ಸೊಂಟ ಹೋದದ್ದೂ ಅಲ್ಲಿಯೇ. ಸಾವಕಾರರು ಮೊದಲು ಕೆಂಪು ವಹಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಆಮೇಲೆ ಲ್ಯಾಪ್‌ಟಾಪ್ ತಂದರು. ಕೆಲವು ವರ್ಷಕ್ಕೆ ಅದರ ಪರದೆ ಕಪ್ಪಾಯಿತು. ಅವರು ಹೊಸದು ತಂದು, ಹಳೆಯದನ್ನು ಹಳೆ ಕಬ್ಬಿಣ ಕೊಳ್ಳುವವನಿಗೆಂದು ಬಾಗಿಲ ಬಳಿ ಇಟ್ಟರು. ನನಗೆ ಕೊಡಿರಿ ಎಂದೆ. ಅದರ ಮೇಲೆ ರೊಟ್ಟಿ ಬಡೀತಿಯೇನು ಎಂದು ನಕ್ಕರು, ಆದರೆ ಕೊಟ್ಟರು.

ಬೇಕಾಗಿದ್ದದ್ದು ನನಗಲ್ಲ, ಸೊಸೆಗೆ. ಔರಾದ ಶಹಾಜನಿಯ ಹುಡುಗಿ, ಹನ್ನೆರಡನೆಯ ಇಯತ್ತೆ ಓದಿದವಳು. ಶಾಲೆಯಲ್ಲೋ ಕಚೇರಿಯಲ್ಲೋ ಕಾರಕೂನಳಾಗಬೇಕೆಂದು ಮರಾಠಿ ಟೈಪಿಂಗ್ ಪರೀಕ್ಷೆಗೆ ಕೂತು ಒಮ್ಮೆ ನಪಾಸಾಗಿದ್ದಳು. ಟೈಪಿಂಗ್ ಕ್ಲಾಸಿನಲ್ಲಿ ದಿನಕ್ಕೆ ಒಂದೇ ತಾಸು ಸಿಗುತ್ತಿತ್ತು. ಇನ್ನೊಮ್ಮೆ ನಪಾಸಾದರೆ ಅಲ್ಲಿಗೆ ಸಾಕು, ಮನೆ ನೋಡಿಕೊಂಡಿರು ಎಂದು ನನ್ನ ಮಗ ಹೇಳಿಬಿಟ್ಟಿದ್ದ. ಅಂವ ಜೀಪು ಹೊಡೆಯುವವನು, ಒಮ್ಮೆ ಹೇಳಿದ್ದನ್ನು ತಿರುಗಿಸುವವನಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು.

ಮನೆಗೆ ತಂದು ಗುಂಡಿ ಒತ್ತಿದೆವು. ಒಳಗೆ ಫ್ಯಾನು ತಿರುಗಿತು, ಬದಿಗೆ ಸಣ್ಣ ದೀಪ ಹತ್ತಿತು, ಪರದೆ ಮಾತ್ರ ರೊಟ್ಟಿಯ ಹಂಚಿನಷ್ಟು ಕಪ್ಪು. ಸೊಸೆ ತನ್ನ ಅಣ್ಣನಿಗೆ ಫೋನ್ ಮಾಡಿದಳು. ಬ್ಯಾಟರಿ ತೆಗೆದು, ಗುಂಡಿಯನ್ನು ಮೂವತ್ತು ಎಣಿಸುವ ತನಕ ಒತ್ತಿ ಹಿಡಿ, ಆಮೇಲೆ ಬರೀ ಚಾರ್ಜರಿನ ಮೇಲೆ ಹಚ್ಚಿ ನೋಡು ಎಂದ. ಹಾಗೆಯೇ ಮಾಡಿದೆವು. ಏನೂ ಆಗಲಿಲ್ಲ. ಹಾಗಾದರೆ ಬಾಗಿಲು ಹಾಕಿ, ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡು ಎಂದ. ನಾನು ಮೊಬೈಲಿನ ಬೆಳಕು ಹಿಡಿದು ನಿಂತೆ. ಕೈ ಸೋತಿತು. ಸೊಸೆ ಮೂಗು ಹಚ್ಚಿ ನೋಡಿ, ಬಾವಿಯ ತಳದಲ್ಲಿದ್ದ ಹಾಗೆ ಅಕ್ಷರ ಕಾಣುತ್ತಿವೆ ಎಂದಳು. ಅಂದರೆ ಯಂತ್ರ ಸತ್ತಿಲ್ಲ, ಪರದೆಯ ಹಿಂದಿನ ಬೆಳಕಷ್ಟೇ ಹೋಗಿದೆ.

ಖಾತ್ರಿ ಮಾಡಲು ಕ್ಲಾಸಿನಿಂದ ಒಂದು ವೈರು ಬೇಡಿ ತಂದು, ಬದಿಯ ಮನೆಯ ಟಿವಿಗೆ ಜೋಡಿಸಿದಳು. ಟಿವಿಯಲ್ಲಿ ಎಲ್ಲಾ ಚೊಕ್ಕವಾಗಿ ಬಂತು. ಅಲ್ಲಿಯೇ ಕೂತು ಕಲಿಯುತ್ತೇನೆ ಎಂದಳು. ಆ ಮನೆಯಾಕೆ ಎರಡು ದಿನ ತಡೆದುಕೊಂಡಳು. ಮೂರನೆಯ ದಿನ, ತನ್ನ ಧಾರಾವಾಹಿಯ ಅತ್ತೆ-ಸೊಸೆ ಏನಾದರು ಗೊತ್ತಾಗುತ್ತಿಲ್ಲ, ನೀವು ಮನೆಯಲ್ಲೇ ಜಗಳ ಆಡಿರಿ ಎಂದಳು.

ರವಿವಾರ ಉದಗೀರಿಗೆ ಹೊರಟೆವು. ನಿಲಂಗಾದಲ್ಲಿ ಬಸ್ಸು ಬದಲಿಸಬೇಕು. ಎರಡೂ ಬಸ್ಸಿನಲ್ಲಿ ನಿಂತೇ ಹೋದೆವು, ಯಂತ್ರ ನನ್ನ ಸೆರಗಿನಲ್ಲಿ ಕೂಸಿನಂತೆ. ರಿಪೇರಿಯವನು ಅರ್ಧ ಮರಾಠಿ ಅರ್ಧ ಕನ್ನಡದ ಮನುಷ್ಯ. ಮುಚ್ಚಳ ಕೂಡುವ ಕೀಲನ್ನು ಬಿಚ್ಚಿ, ಒಳಗಿನಿಂದ ರಿಬ್ಬನ್ನಿನಂಥ ತೆಳು ವೈರು ಎಳೆದ. ಅದಕ್ಕೆ ಬಿಳಿ ಹೆಪ್ಪು ಅಂಟಿತ್ತು. ಉಗುರಿನಿಂದ ಕೆರೆದು ಮೂಸಿದ.

“ಆಯೀ, ಇದರಾಗ ರಾಖ ಯಾರು ತುಂಬ್ಯಾರ?”

“ಬೂದಿ ಅಲ್ಲಪಾ, ಇಭೂತಿ. ನಾನೇ ಹಚ್ಚೀನಿ.”

ಅಮಾವಾಸ್ಯೆಗೊಮ್ಮೆ ಅಂಗಡಿಯ ತಕ್ಕಡಿ, ತಿಜೋರಿ, ವಹಿ ಎಲ್ಲದಕ್ಕೂ ವಿಭೂತಿ ಹಚ್ಚುವುದು ನನ್ನ ಪಾಲಿನ ಕೆಲಸ. ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ಎಳೆಯಬೇಕು. ಲ್ಯಾಪ್‌ಟಾಪ್ ಬಂದಾಗ ಸಾವಕಾರರು, ಇದಕ್ಕೆ ಹಚ್ಚಬೇಡ, ಕೈ ಮುಗಿದರೆ ಸಾಕು ಎಂದಿದ್ದರು. ನಾನು ಕೇಳಲಿಲ್ಲ. ವಹಿಯ ಕೆಲಸ ಮಾಡುವುದಕ್ಕೆ ವಹಿಯ ಮಾನ ಕೊಡಬೇಕೆಂದು ನನ್ನ ತಿಳಿವಳಿಕೆ. ಅವರು ಗುಡಿಗೆ ಹೋದಾಗ ಕೀಲಿನ ಮೇಲೆಯೇ ದಪ್ಪಗೆ ಎಳೆಯುತ್ತಿದ್ದೆ. ಮುಂದೆ ಹಚ್ಚಿದರೆ ಅವರಿಗೆ ಕಾಣುತ್ತಿತ್ತಲ್ಲ. ನೀರು ಒಳಗಿಳಿದು ವೈರನ್ನು ತಿಂದಿತ್ತು. ಯಂತ್ರವನ್ನು ಕುರುಡು ಮಾಡಿದವಳು ನಾನು, ಅದನ್ನು ದಾನ ತಂದು ದೊಡ್ಡಸ್ತಿಕೆ ಮಾಡಿದವಳೂ ನಾನು.

ರಿಪೇರಿಯವನು ಅಂಥದ್ದೇ ಇನ್ನೊಂದು ಸತ್ತ ಲ್ಯಾಪ್‌ಟಾಪಿನಿಂದ ವೈರು ಕಿತ್ತು ಕೂಡಿಸಿದ. ಬೆಳಕು ಬಂತು. ಆದರೆ ಅದೂ ಹಳೆಯದು. ಮುಚ್ಚಳವನ್ನು ಈಗಿದ್ದಷ್ಟೇ ತೆರೆದಿಡಿರಿ, ಮುಚ್ಚಿದರೆ ಮತ್ತೆ ಹೋಗುತ್ತದೆ ಎಂದು ಮೂರು ಸಲ ಹೇಳಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಸೊಸೆಗೆ ಸೀಟು ಸಿಕ್ಕಿತು. ತೆರೆದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಯ್ಯಲಿ ಎಂದು ನಾನು ಕಾಯುತ್ತಿದ್ದೆ. ನಿಲಂಗಾದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅಂದಳು:

“ಅತ್ತಿ, ಪರೀಕ್ಷಾಕ್ಕ ಹೋಗೂ ಮುಂದ ನನ್ನ ಹಣಿಗಿ ಹಚ್ಚಬ್ಯಾಡ್ರಿ. ನನ್ನ ಕಣ್ಣೂ ಹೋದಾವು.”

“ನಿನ್ನ ಬಾಯಿಗಿ ಹಚ್ಚತೀನಿ,” ಅಂದೆ.

ಒಂದು ತಿಂಗಳು ಚೆನ್ನಾಗಿ ನಡೆಯಿತು. ರೊಟ್ಟಿ, ಬಟ್ಟೆ, ನೀರು ನಾನು ನೋಡಿಕೊಂಡೆ. ಆಕೆ ಕಟಕಟ ಬಡಿಯುತ್ತಿದ್ದಳು. ಮಳೆ ಸುರಿದ ಹಾಗೆ ಕೇಳುತ್ತಿತ್ತು, ಆದರೆ ತಲೆನೋವು. ಅಂಗಡಿಯಿಂದ ಬಂದು ಮತ್ತೆ ಒಲೆಯ ಮುಂದೆ ಕೂರುವಾಗ, ಯಾಕಾದರೂ ಬೇಡಿ ತಂದೆನೋ ಅನಿಸುತ್ತಿತ್ತು. ಅದನ್ನು ಹೇಳುವ ಮುಖ ಮಾತ್ರ ನನಗಿರಲಿಲ್ಲ.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಮಗ ಅದನ್ನು ಮುಚ್ಚಿದ. ಸಿಟ್ಟಿನಿಂದಲ್ಲ, ಮುಚ್ಚಬಾರದೆಂದು ಅವನಿಗೆ ನಾವು ಹೇಳಿರಲೇ ಇಲ್ಲ. ಗಾಳಿ ಎದ್ದಿತ್ತು, ಹೆಂಡತಿಯ ಸಾಮಾನಿನ ಮೇಲೆ ಧೂಳು ಬೀಳುತ್ತದೆಂದು ಮುಚ್ಚಿದ, ಮೇಲೆ ತನ್ನ ಟವೆಲ್ಲೂ ಹೊದಿಸಿದ. ಸಂಜೆಗೆ ತೆರೆದರೆ ಕಪ್ಪು. ಅಂವ ಮೋರೆ ಸಣ್ಣದು ಮಾಡಿಕೊಂಡು, ನಾಳೆಯೇ ಜೀಪಿನಲ್ಲಿ ಉದಗೀರಿಗೆ ಒಯ್ಯುತ್ತೇನೆ ಎಂದ.

“ಬ್ಯಾಡ್ರಿ,” ಅಂದಳು ಸೊಸೆ. “ಹೋಗಿ ಬರೂದ್ರಾಗ ಎರಡು ದಿನ ಹೋಗತಾವ. ಪರೀಕ್ಷಾದಾಗ ಕಾಗದ ನೋಡಿ ಬಡೀಬೇಕು, ಪರದಿ ನೋಡಿ ಅಲ್ಲ. ಹೋದ ಸಲ ಪರದಿ ನೋಡಿ ನೋಡೇ ನಪಾಸ ಆಗೀನಿ.”

ಅಂದಿನಿಂದ ಕಪ್ಪು ಪರದೆಯ ಮುಂದೆ ಕೂತೇ ಬಡಿದಳು. ಬಡಿದದ್ದನ್ನು ಸಂಜೆ ಒಂದೇ ಸಲ ಬದಿಯ ಮನೆಯ ಟಿವಿಗೆ ಹಚ್ಚಿ ತಪ್ಪು ಎಣಿಸಿಕೊಂಡು ಬರುತ್ತಿದ್ದಳು. ಜಾಹೀರಾತು ಬಂದಾಗ ಮಾತ್ರ ಎಂದು ಆ ಮನೆಯಾಕೆಯ ಕರಾರು. ಮೊದಲ ದಿನ ತಪ್ಪುಗಳೇ ಹೆಚ್ಚಿದ್ದವು, ತಾಟಿನ ಮುಂದೆ ಕೂತು ಉಣ್ಣದೆ ಎದ್ದಳು. ಎಂಟನೆಯ ದಿನ ಜಾಹೀರಾತು ಮುಗಿಯುವುದರೊಳಗೆ ತಿರುಗಿ ಬಂದಳು. ತಪ್ಪು ಎಣಿಸಲು ಹೊತ್ತು ಹಿಡಿದಿರಲಿಲ್ಲ.

ಪಾಸಾದಳು. ಕಾರಕೂನಿ ಇನ್ನೂ ಸಿಕ್ಕಿಲ್ಲ, ಅರ್ಜಿ ಹಾಕುತ್ತಾಳೆ, ಮಗ ಈಗ ಏನೂ ಅನ್ನುವುದಿಲ್ಲ. ರಿಸಲ್ಟ್ ಬಂದ ದಿನ ಬೆಳಿಗ್ಗೆ ಆಕೆ ಕಾಗದ ತೋರಿಸಿದಳು. ಇಂದು ಒಲೆಯ ಕೆಲಸ ನಿನ್ನದು ಎಂದು ಹೇಳಿ, ಅಂಗಡಿಗೂ ಹೋಗದೆ ಮಧ್ಯಾಹ್ನದ ತನಕ ಮಲಗಿದೆ.