ರೌಡಿ ಅಡಿವೆವ್ವನ ಹಕ್ಕಲು

ಜಕ್ಕಲಿಯಲ್ಲಿ ರೌಡಿ ಅನ್ನಿಸಿಕೊಳ್ಳಲು ಹುಡುಗರು ಪಡುವ ಪಾಡು ಅಷ್ಟಿಷ್ಟಲ್ಲ. ಗಡ್ಡ ಬಿಡುತ್ತಾರೆ, ಬೈಕಿನ ಸೈಲೆನ್ಸರ್ ಕಿತ್ತು ಊರನ್ನೇ ಕಿವುಡು ಮಾಡುತ್ತಾರೆ, ಹುಟ್ಟುಹಬ್ಬಕ್ಕೆ ತಮ್ಮದೇ ಫೋಟೋದ ಬ್ಯಾನರ್ ಕಟ್ಟಿಸಿಕೊಳ್ಳುತ್ತಾರೆ. "ನಮ್ಮ ಹುಡುಗ ಸ್ವಲ್ಪ ರೌಡಿ ಅದಾನ್ರಿ" ಎಂದು ಹಡೆದವ್ವಂದಿರೂ ಹೆಮ್ಮೆಯಿಂದ ನಗುತ್ತಾರೆ. ಅಂಥವರಿಗೆಲ್ಲ ಹೆಣ್ಣೂ ಸಿಕ್ಕಿದೆ, ಮದುವೆಯೂ ಆಗಿದೆ. ಕೂಲಿಗೆ ಹೋಗುವ ಅಡಿವೆವ್ವನಿಗೆ ಅದೇ ಹೆಸರು ಪುಕ್ಕಟೆ ಸಿಕ್ಕಿತು. ಸಿಕ್ಕಿದ್ದೇ ತಡ, ಮಗಳ ಮದುವೆಗೆ ಅಡ್ಡ ಬಂದು ನಿಂತಿತು.

ಅಡಿವೆವ್ವ ಜೋರು ಬಾಯಿಯವಳೇನಲ್ಲ. ಗಂಡ ಗ್ಯಾನಪ್ಪ ಗೋವಾದ ಕಡೆ ಕಟ್ಟಡ ಕೆಲಸಕ್ಕೆ ಹೋದವನು ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಈಕೆ ಸಾಹುಕಾರ ತೋಟಪ್ಪನವರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ಮಗಳು ಅನಿತಾಳನ್ನು ಓದಿಸಿದಳು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉದುರಿದ ಕಾಳು, ಬಿದ್ದ ತೆನೆ ಕೂಲಿ ಹೆಂಗಸರ ಪಾಲು. ಅದಕ್ಕೆ ಹಕ್ಕಲು ಆಯುವುದು ಅನ್ನುತ್ತಾರೆ. ಅದನ್ನು ಯಾರೂ ದಾನ ಕೊಟ್ಟದ್ದಲ್ಲ, ಅಜ್ಜಿಯರ ಕಾಲದಿಂದ ನಡೆದು ಬಂದದ್ದು.

ಈ ಸಲ ತೋಟಪ್ಪನವರು ಕಡಲೆ ಕೊಯ್ಯಲು ರಾಶಿ ಮಷಿನ್ ತರಿಸಿದರು. ಅದು ಹೊಲ ಬಿಟ್ಟಿತೆಂದು ಹೆಂಗಸರು ಬುಟ್ಟಿ ಹಿಡಿದು ಇಳಿದರೆ, ಅದರ ಹಿಂದೆಯೇ ಟ್ರ್ಯಾಕ್ಟರ್ ಬಂದು ರಂಟೆ ಹೊಡೆದು ನೆಲ ಉಳಲು ಶುರುಮಾಡಿತು. ಉದುರಿದ ಕಾಳೆಲ್ಲ ಮಣ್ಣಿನಡಿ ಹೋಗಲಿ ಎಂದೇ ಮಾಡಿದ ಹಿಕಮತ್ತು. ತಾನೂ ತಿನ್ನ, ಇನ್ನೊಬ್ಬರಿಗೂ ತಿನ್ನಗೊಡ. ಅಡಿವೆವ್ವ ಸೆರಗು ಸಿಕ್ಕಿಸಿದಳು, ಟ್ರ್ಯಾಕ್ಟರಿನ ಮುಂದೆ ಹೋಗಿ ಕೂತೇಬಿಟ್ಟಳು.

"ಮೊದಲ ಹಕ್ಕಲಾ. ಆಮ್ಯಾಲ ರಂಟಿ," ಅಂದಳು.

ಡ್ರೈವರ್ ಅಯ್ಯಪ್ಪ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಹೊತ್ತು ಮುಳುಗುವವರೆಗೆ ಹೆಂಗಸರು ಆಯ್ದರು. ಸಂಜೆ ತೋಟಪ್ಪನವರು ಕಟ್ಟೆಯ ಮೇಲೆ, "ಆಕಿ ಹೆಂಗಸಲ್ಲೋ, ರೌಡಿ!" ಎಂದು ಹಲ್ಲು ಕಡಿದರು. ಸಾಹುಕಾರರ ಬಾಯಿಂದ ಬಿದ್ದ ಮಾತು ಬಸ್ಸು ಹತ್ತಿ ಯಾವಗಲ್ ಊರು ಮುಟ್ಟಿತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಓಣಿಯವರು ಬುದ್ಧಿ ಹೇಳಿದರು. ಆ ಗಾದೆ ಕಟ್ಟಿದವರು ದವಡೆ ಮುರಿಯುವವರೇ ಇರಬೇಕು.

ಯಾವಗಲ್ಲಿನ ದುರಗಪ್ಪ ತನ್ನ ಮಗನಿಗೆ ಅನಿತಾಳನ್ನು ಕೇಳಿದ್ದ. ಹೆಣ್ಣು ನೋಡುವ ಮೊದಲು ಮನೆತನ ಹ್ಯಾಗೆ ಎಂದು, ಹೆಣ್ಣಿನ ಮನೆಯವರು ಯಾರ ಹೊಲದಲ್ಲಿ ದುಡಿಯುತ್ತಾರೋ ಆ ಸಾಹುಕಾರರನ್ನು ವಿಚಾರಿಸುವುದು ಕೂಲಿ ಮಂದಿಯ ರಿವಾಜು. ಮಗಳ ಬಾಳು ಈಗ ತೋಟಪ್ಪನವರ ನಾಲಿಗೆಯ ಮೇಲಿತ್ತು. ಅವರು ಹೇಳಿ ಕಳಿಸಿದರು: "ನಮ್ಮ ಬಾಗಿಲಿಗೆ ಬಂದು ತಪ್ಪಾತು ಅನ್ನಲಿ. ಇನ್ನ ಹಕ್ಕಲಾ ಅಂತ ಹೆಂಗಸರನ್ನ ಕರಕೊಂಡು ಹೊಲಕ್ಕ ಇಳಿಯೂದಿಲ್ಲ ಅನ್ನಲಿ. ಬೀಗರ ಮುಂದ ಆಕಿ ಪರ ನಾನ ಮಾತಾಡ್ತೀನಿ."

ಅಡಿವೆವ್ವನಿಗೆ ಅನ್ನ ಸೇರಲಿಲ್ಲ. ಸುಳ್ಳೇಕೆ, ಹೆದರಿದಳು. "ಹೋಗಿ ತಪ್ಪಾತು ಅಂದು ಬರ್ಲೇನ?" ಎಂದು ಮಗಳನ್ನೇ ಕೇಳಿದಳು.

"ಏನ್ ತಪ್ಪಾತಬೇ?" ಅಂದಳು ಅನಿತಾ.

ಎಷ್ಟು ಯೋಚಿಸಿದರೂ ಅಡಿವೆವ್ವನಿಗೆ ಅದು ಹೊಳೆಯಲಿಲ್ಲ. ಹೋಗಲಿಲ್ಲ.

ದುರಗಪ್ಪ ಮತ್ತು ಅವನ ಹೆಂಡತಿ ಲಕ್ಷ್ಮೀ ಮೊದಲು ತೋಟಪ್ಪನವರ ಮನೆ ಹೊಕ್ಕೇ ಅಡಿವೆವ್ವನ ಮನೆಗೆ ಬಂದರು. ದುರಗಪ್ಪ ಚಾಪೆಯ ಮೇಲೆ ಕೂತವನೇ ಕೆಮ್ಮಿದ. "ತಪ್ಪ ತಿಳೀಬ್ಯಾಡವಾ ತಂಗಿ. ನಿನ್ನ ರೌಡಿ ಅಂತಾರಲ್ಲ, ಖರೇ ಏನ?"

"ಖರೇ ಐತ್ರೀ ಅಣ್ಣಾರ," ಅಂದಳು ಅಡಿವೆವ್ವ. "ಟ್ಯಾಕ್ಟರ್ ಮುಂದ ಕುಂತೀನಿ. ಬರೂ ವರ್ಷಾನೂ ಕುಂದ್ರಾಕಿನ. ಮದಿವಿ ಆದಮ್ಯಾಲ ಗೊತ್ತಾಗೂದಕ್ಕಿಂತ ಈಗ ಗೊತ್ತಾಗ್ಲಿ."

ದುರಗಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಲಕ್ಷ್ಮೀ ಏಳಲಿಲ್ಲ.

"ಏಳ, ಬಸ್ಸ ಹೊಕ್ಕೈತಿ," ಅಂದ ಆತ.

"ಹೋಗ್ಲಿ," ಅಂದಳು ಆಕೆ. "ನಮ್ಮೂರಾಗೂ ಹಿಂಗ ರಂಟಿ ಹೊಡದ ಹಕ್ಕಲಾ ನಿಲ್ಲಿಸಿದ್ರು. ನಾವೆಲ್ಲಾ ಬದುವಿನ ಮ್ಯಾಲ ಬುಟ್ಟಿ ಹಿಡಕೊಂಡು ನೋಡಕೋತ ನಿಂತ್ವಿ. ನಮಗ ಯಾರೂ ರೌಡಿ ಅನ್ನಲಿಲ್ಲ. ಖಾಲಿ ಬುಟ್ಟಿ ತಗೊಂಡು ಮನಿಗೆ ಬಂದ್ವಿ."

ಆಮೇಲೆ ಅಡಿವೆವ್ವನ ಕಡೆ ತಿರುಗಿದಳು.

"ಹುಡಿಗಿನ್ನ ಕರೀರಿ, ಬೀಗತಿ."