ಅರ್ಧ ಸೆಕೆಂಡಿನ ಭಾವ

ಬಾಮೈದ ತನ್ನ ಭಾವನನ್ನು ಮೊದಲು ಕಂಡಾಗ ಕಣ್ಣಿಗೆ ಬಿದ್ದದ್ದು ಮುಖವಲ್ಲ, ಬೂಟು. ಒಂದು ಶನಿವಾರ ಸಂಜೆ, ಮುದ್ರಣಾಲಯದಲ್ಲಿ ದಿನವಿಡೀ ಕರಡು ತಿದ್ದಿ ಕಣ್ಣು ಉರಿಸಿಕೊಂಡು ಅವನು ಮನೆಗೆ ಬಂದ. ಗೇಟಿನ ಒಳಗೆ ಅಪ್ಪನ ಹಳೆಯ ಬಿಳಿ ಕಾರು ಎಂದಿನಂತೆ ನಿಂತಿತ್ತು. ಅದರ ಹೊಟ್ಟೆಯಡಿಯಿಂದ ಒಂದು ಜೊತೆ ಕಂದು ಬೂಟು ಹೊರಚಾಚಿತ್ತು. ಚೂಪು ಮೂತಿಯ, ಅಂದು ಬೆಳಿಗ್ಗೆಯಷ್ಟೇ ಪಾಲಿಶ್ ಕಂಡ ಬೂಟು. ಬೂಟಿನ ಆಚೆಗೆ ಇಸ್ತ್ರಿಯ ಗೆರೆ ಮುರಿಯದ ಬೂದು ಪ್ಯಾಂಟು. ಮೆಟ್ಟಿಲ ಮೇಲೆ ಒಂದು ಹಣ್ಣಿನ ಬುಟ್ಟಿ, ಬುಟ್ಟಿಯ ಮೇಲೆ ನೀಟಾಗಿ ಮಡಿಸಿಟ್ಟ ಕೋಟು. ಬೀದಿಯಲ್ಲಿ ಸೈಲೆನ್ಸರ್ ಕಳ್ಳರ ಹಾವಳಿ ಎದ್ದಿದ್ದ ಕಾಲ ಅದು. ಆದರೆ ಕೋಟು ಮಡಿಸಿಟ್ಟು ಕದಿಯುವ ಕಳ್ಳರ ಸುದ್ದಿಯನ್ನು ಬಾಮೈದ ಕೇಳಿರಲಿಲ್ಲ.

"ಯಾರ್ರೀ ಅದು?" ಎಂದು ಬೂಟನ್ನೇ ಕೇಳಿದ.

"ಹದಿಮೂರರದ್ದು ಕೊಡಿ," ಎಂದಿತು ಬೂಟು.

"ಏನು ಹದಿಮೂರು?"

"ಸ್ಪ್ಯಾನರ್ ಕಣ್ರೀ. ಇಲ್ಲೊಂದು ಬೋಲ್ಟ್ ಸಡಿಲ ಇದೆ. ಇಂಥ ಗಾಡೀನ ಹೀಗೆ ಇಟ್ಕೊಳ್ಳೋದಾ? ಯಾರದ್ದಪ್ಪಾ ಇದು, ನಾಚಿಕೆ ಆಗ್ಬೇಕು."

ನಾಚಿಕೆ ಆಗಬೇಕಾದ ಅಪ್ಪ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಅವರ ಹೆಗಲ ಹಿಂದಿನಿಂದ ಅಕ್ಕ ಇಣುಕಿ ನೋಡಿ ಕಿವಿಯವರೆಗೂ ಕೆಂಪಾದಳು.

"ಕೂಗಬೇಡ್ವೋ," ಎಂದರು ಅಪ್ಪ. "ಇವತ್ತು ಒಬ್ರು ಬರ್ತಾರೆ ಅಂದಿದ್ನಲ್ಲ? ಇವರೇ."

ಇವರು ತೆವಳಿಕೊಂಡು ಹೊರಬಂದರು. ಹಣೆಯ ಮೇಲೆ ಕಪ್ಪು ಪಟ್ಟೆ. ಮೈಕೊಡವಿಕೊಂಡು ಅಪ್ಪನ ಕೈಕುಲುಕಿ, ಅವರ ಅಂಗೈಗೂ ಒಂದಿಷ್ಟು ಗ್ರೀಸು ದಾಟಿಸಿದರು. ಕರೆಗಂಟೆ ಒತ್ತುವುದಕ್ಕೂ ಮೊದಲು ಕಾರಿನಡಿಗೆ ನುಗ್ಗಿದ್ದೇಕೆ ಎಂದು ಯಾರೂ ಕೇಳಲಿಲ್ಲ. ಅವರೇ ಹೇಳಿದರು: "ಬಾಗಿಲಿಗೇ ಬರ್ತಿದ್ದೆ ಸಾರ್, ಇದು ಕಣ್ಣಿಗೆ ಬಿತ್ತು. ಈ ಮಾಡೆಲ್ ಈಗೆಲ್ಲಿ ಸಿಗುತ್ತೆ? ಹಗುರ ಮೈ, ಗಟ್ಟಿ ಎಂಜಿನ್ನು."

"ನೀವು ನೋಡೋಕೆ ಬಂದಿದ್ದು ಅಕ್ಕನ್ನಾ, ಕಾರನ್ನಾ?" ಎಂದ ಬಾಮೈದ.

ಎಲ್ಲರೂ ನಕ್ಕರು. ಬಾಮೈದ ನಗಿಸಲೆಂದು ಕೇಳಿರಲಿಲ್ಲ. ಆವತ್ತಿನಿಂದ ಅವನು ಭಾವನನ್ನು ಬಾಯಲ್ಲಿ 'ನೀವು' ಎಂದು, ಮನಸ್ಸಿನಲ್ಲಿ 'ಇವನು' ಎಂದು ಕರೆಯುತ್ತ ಬಂದ.

ಮದುವೆಯಾಗಿ ಭಾವ ಅದೇ ಮನೆಗೆ ಬಂದು ನೆಲೆಸಿದ. ಅಪ್ಪನಿಗೆ ಕಣ್ಣು ಮಂಜಾಗತೊಡಗಿದ್ದರಿಂದ ಕಾರು ಮಗಳ ಪಾಲಿಗೆ ಬಂತು. ಹೀಗೆ ಭಾವನಿಗೆ ಎರಡೂ ಸಿಕ್ಕವು. ಯಾವುದು ಸಿಕ್ಕಿದ್ದಕ್ಕೆ ಅವನು ಹೆಚ್ಚು ಹಿಗ್ಗಿದ ಎಂಬ ಬಗ್ಗೆ ಬಾಮೈದನಿಗೆ ಅನುಮಾನವೇ ಇರಲಿಲ್ಲ.

ಹೊಟ್ಟೆಪಾಡಿಗೆ ಭಾವ ಮಾಡುತ್ತಿದ್ದದ್ದು ಬಚ್ಚಲುಮನೆಯ ಟೈಲ್ಸ್ ಮಾರುವ ಕೆಲಸ. ವಾರವಿಡೀ ಗಾಜಿನ ಬಾಗಿಲಿನ ಅಂಗಡಿಯಲ್ಲಿ ನಿಂತು, ಒದ್ದೆ ಕಾಲಿಗೆ ಜಾರದ ಟೈಲ್ಸ್ ಯಾವುದು ಎಂದು ಗಂಡಹೆಂಡಿರಿಗೆ ವಿವರಿಸುವುದು. ಭಾನುವಾರ ಬಂತೆಂದರೆ ಮಾತ್ರ ಅವನು ರೇಸಿನ ವೀರ. ಊರಾಚೆ ವಿಮಾನಗಳು ಎಂದೋ ಕೈಬಿಟ್ಟ ಒಂದು ಓಡುದಾರಿ ಇತ್ತು. ಅಲ್ಲಿ ಹಳೆಯ ಟೈರುಗಳನ್ನು ಜೋಡಿಸಿ ತಿರುವು ಮಾಡಿಕೊಂಡು ಇಂಥವರದೇ ಒಂದು ಕೂಟ ಕಾರು ಓಡಿಸುತ್ತಿತ್ತು. ಗೆದ್ದವರಿಗೆ ಒಂದು ಪ್ಲಾಸ್ಟಿಕ್ ಕಪ್ಪು, ಸೋತವರಿಗೆ ಮುಂದಿನ ಭಾನುವಾರದವರೆಗೆ ಹೇಳಿಕೊಂಡು ತಿರುಗಲು ಬೇಕಾದಷ್ಟು ನೆಪ. ಭಾವ ಕಪ್ಪನ್ನು ಕಂಡವನಲ್ಲ. ಆದರೆ ಕಾರಿನಲ್ಲಿ ಏನೇ ಬದಲಿಸಲಿ, "ಅರ್ಧ ಸೆಕೆಂಡ್ ಉಳೀತು!" ಎಂದು ಎದೆಯುಬ್ಬಿಸುತ್ತಿದ್ದ. ಮನೆಮಂದಿ ಅವನ ಬೆನ್ನ ಹಿಂದೆ ಅವನಿಗೆ 'ಅರ್ಧ ಸೆಕೆಂಡು' ಎಂದೇ ಹೆಸರಿಟ್ಟರು. ಹೀಗೆ ಉಳಿಸಿದ ಅರ್ಧರ್ಧಗಳನ್ನೆಲ್ಲ ಒಟ್ಟು ಹಾಕಿದರೆ ಆ ಕಾರು ಹೊರಡುವ ಮೊದಲೇ ತಲುಪಿರಬೇಕಿತ್ತು ಎಂದು ಬಾಮೈದ ಲೆಕ್ಕ ಹಾಕುತ್ತಿದ್ದ.

ಮೊದಲು ಸ್ಪ್ರಿಂಗು ಕುಳ್ಳಗಾಯಿತು. ಕಾರು ನೆಲಕ್ಕೆ ಅಂಟಿಕೊಂಡು, ಬೀದಿಯ ಪ್ರತಿಯೊಂದು ಉಬ್ಬಿಗೂ ಹೊಟ್ಟೆ ಉಜ್ಜಿ ನರಳತೊಡಗಿತು. ಆಮೇಲೆ ಚಕ್ರಗಳ ತಲೆಗಳು ಒಳಕ್ಕೆ ವಾಲಿದವು. ತಿರುವಿನಲ್ಲಿ ಹಿಡಿತ ಸಿಗಲಿ ಎಂದು ಬೇಕೆಂದೇ ಹಾಗೆ ಕೂರಿಸಿದ್ದಂತೆ. ನೋಡಿದವರಿಗೆ ಕಾರು ಮಂಡಿ ನೋವಿನಿಂದ ಕಾಲು ಅಗಲಿಸಿ ನಿಂತಂತೆ ಕಾಣುತ್ತಿತ್ತು. ಸೈಲೆನ್ಸರ್ ಬದಲಾದ ಮೇಲೆ ಪಕ್ಕದ ಮನೆಯವರು ಮಾತು ಬಿಟ್ಟರು. ಕಡೆಗೆ ತೂಕ ಇಳಿಸುವ ಹುಚ್ಚು ಹಿಡಿಯಿತು. ಹಿಂದಿನ ಸೀಟು ಕಿತ್ತು ಹಜಾರಕ್ಕೆ ಬಂತು. ನೆಲಹಾಸು, ಸ್ಟೆಪ್ನಿ, ಜಾಕು, ಕೊನೆಗೆ ಡಿಕ್ಕಿಯಲ್ಲಿದ್ದ ಛತ್ರಿ ಕೂಡ ಆಚೆ ಬಿತ್ತು.

"ಛತ್ರಿ ಎಷ್ಟು ತೂಗುತ್ತೆ ಭಾವ?" ಎಂದ ಬಾಮೈದ.

"ನಿಂಗೆ ಅರ್ಥ ಆಗಲ್ಲ. ಚೂರು ಚೂರೇ ಸೇರೋದು."

"ಅದು ನೋಡಿದ್ರೇ ಗೊತ್ತಾಗುತ್ತೆ." ಬಾಮೈದ ಭಾವನ ಬೆಲ್ಟಿನ ಮೇಲೆ ಜೋತಿದ್ದ ಹೊಟ್ಟೆಯನ್ನೇ ನೋಡಿದ. "ಅದನ್ನೂ ಬಿಚ್ಚಿ ಹಜಾರದಲ್ಲಿ ಇಟ್ಟುಹೋಗೋ ಹಾಗಿದ್ರೆ ಕಪ್ಪು ನಿಮ್ಮದೇ."

ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆದರೆ ಅವಳಿಗೆ ಇದು ಬರೀ ನಗೆಯ ಮಾತಾಗಿರಲಿಲ್ಲ. ಹಲ್ಲುಸೆಟ್ಟು ತಯಾರಿಸುವ ಒಂದು ಲ್ಯಾಬಿನಲ್ಲಿ ಅವಳಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಮೇಣದಲ್ಲಿ ಒಸಡು ತೀಡಿ, ಒಂದೊಂದೇ ಹಲ್ಲು ಕೂರಿಸುವ ನಾಜೂಕಿನ ಕೆಲಸ. ಅವಳ ಕೈಗೆ ಅದು ಒಗ್ಗಿತ್ತು, ಇಷ್ಟವೂ ಆಗಿತ್ತು. ಲ್ಯಾಬು ಊರಿನ ಇನ್ನೊಂದು ತುದಿಯಲ್ಲಿ, ಕಾರ್ಖಾನೆಗಳ ನಡುವೆ. ಅದು ತೆರೆಯುವ ಹೊತ್ತಿಗೆ ಅತ್ತ ಹೋಗುವ ಬಸ್ಸಿಲ್ಲ. ಖಾಯಂ ಆಗುವವರೆಗೆ ಎರಡು ಸಲ ತಡವಾಗಿ ಬಂದವರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಲ್ಯಾಬಿನ ಒಡತಿ ಮೊದಲ ದಿನವೇ ಹೇಳಿದ್ದಳು. ಹೊಸ ಸೈಲೆನ್ಸರ್ ಕಳಚಿಬಿದ್ದು ಅಕ್ಕ ಆಗಲೇ ಒಂದು ಸಲ ತಡಮಾಡಿದ್ದಳು. ಇನ್ನೊಂದು ಸಲವಾದರೆ ಕೆಲಸ ಹೋದಂತೆಯೇ.

"ನೋಡ್ರೀ," ಎಂದಿದ್ದಳು ಗಂಡನಿಗೆ, "ಭಾನುವಾರ ಅದು ನಿಮ್ಮ ಕಾರು, ಏನಾದ್ರೂ ಮಾಡ್ಕೊಳ್ಳಿ. ಸೋಮವಾರ ಬೆಳಿಗ್ಗೆ ನನ್ನ ಕಾರು. ಬಿಚ್ಚಿದ್ದೆಲ್ಲ ಭಾನುವಾರ ಸಂಜೆಯೊಳಗೆ ವಾಪಸ್ ಕೂತಿರಬೇಕು."

"ಆಯ್ತು ಕಣೇ, ಅದೇನು ದೊಡ್ಡ ಕೆಲಸ," ಎಂದಿದ್ದ ಭಾವ.

ಒಂದು ಭಾನುವಾರ ಭಾವ ಬಾಮೈದನನ್ನೂ ಬಲವಂತವಾಗಿ ಎಳೆದುಕೊಂಡು ಹೋದ. ಬಯಲಿನ ತುಂಬ ನಡುವಯಸ್ಸಿನ ಗಂಡಸರು. ಒಬ್ಬ ಹಲ್ಲಿನ ವೈದ್ಯ, ಒಬ್ಬ ಬೇಕರಿಯವನು, ಒಬ್ಬ ಬ್ಯಾಂಕಿನ ಮ್ಯಾನೇಜರ್. ಎಲ್ಲರ ತಲೆಯ ಮೇಲೂ ಹೆಲ್ಮೆಟ್ಟು, ಎಲ್ಲರ ಮುಖದಲ್ಲೂ ಯುದ್ಧಕ್ಕೆ ಹೊರಟವರ ಕಳೆ. ಹೆಲ್ಮೆಟ್ಟಿನೊಳಗೆ ಕೆನ್ನೆಗಳು ಒತ್ತಿಕೊಂಡು ಬಾಯಿ ಮೀನಿನ ಬಾಯಂತಾಗಿತ್ತು. ಒಬ್ಬರ ಕಾರಿನ ಸುತ್ತ ಒಬ್ಬರು ಓಡಾಡಿ, ಗಾಳಿ ಎಷ್ಟು, ಎಣ್ಣೆ ಯಾವುದು ಎಂದು ಗುಟ್ಟು ಕೇಳುವರು; ಕೇಳಿಸಿಕೊಂಡವರು ಸುಳ್ಳು ಹೇಳುವರು. ಇವರ ಮನೆಗಳಲ್ಲಿ ಸೋರುವ ನಲ್ಲಿಗಳು ಎಷ್ಟಿರಬಹುದು ಎಂದು ಬಾಮೈದ ಯೋಚಿಸಿದ.

ಭಾವ ಅಂದು ಬ್ರೇಕಿಗೆ ಹೊಸ ಪ್ಯಾಡು ಹಾಕಿದ್ದ. ರೇಸಿಗೆಂದೇ ಮಾಡಿದ್ದು. "ಸಾದಾ ಪ್ಯಾಡು ಎರಡು ಸುತ್ತಿಗೇ ಸುಟ್ಟು ಸುಸ್ತಾಗುತ್ತೆ. ಇದು ಬಿಸಿಯಾದಷ್ಟೂ ಕಚ್ಚುತ್ತೆ ಕಣಯ್ಯಾ, ನಾಯಿ ಕಚ್ಚಿದ ಹಾಗೆ!" ಸುತ್ತು ಮುಗಿಸಿ ಬಂದು ಇಳಿದವನೇ ಅಂಗೈಯನ್ನು ಒಂದೊಂದು ಟೈರಿನ ಮೇಲೂ ಒತ್ತಿ, ಕಣ್ಣುಮುಚ್ಚಿ ನಿಂತ, ಮಗುವಿನ ಜ್ವರ ನೋಡುವ ಹಾಗೆ. ಆ ಒಂದು ಗಳಿಗೆ ಮಾತ್ರ ಅವನ ಮುಖದಲ್ಲಿ ಜಂಭವಿರಲಿಲ್ಲ. ಬಾಮೈದ ತನಗೆ ಬೇಡವಾಗಿಯೂ ಅದನ್ನು ಗಮನಿಸಿದ. ಅಷ್ಟರಲ್ಲಿ ಭಾವ ಕಣ್ಣು ತೆರೆದು, ಸಮಯ ಹಿಡಿಯುವವನತ್ತ ಓಡಿ, ಎರಡು ಕೈ ಎತ್ತಿ ಕುಣಿದುಕೊಂಡು ಬಂದ.

"ಎಷ್ಟನೇ ಜಾಗ?" ಎಂದ ಬಾಮೈದ.

"ಜಾಗ ಬಿಡು. ಹೋದ ವಾರಕ್ಕಿಂತ ಅರ್ಧ ಸೆಕೆಂಡ್!"

ಅವನಿಗಿಂತ ಹಿಂದೆ ಬಂದವನು ಬೇಕರಿಯವನೊಬ್ಬನೇ, ಅದೂ ಅವನ ಕಾರು ನಡುದಾರಿಯಲ್ಲಿ ಕೆಟ್ಟುನಿಂತಿದ್ದರಿಂದ.

ಸಂಜೆ ಮನೆಗೆ ಬಂದು ಭಾವ ಸೀಟು ಕೂರಿಸಿದ, ನೆಲಹಾಸು ಹಾಸಿದ, ಛತ್ರಿಯನ್ನೂ ಮರೆಯದೆ ಒಳಗಿಟ್ಟ. ಪ್ಯಾಡು ಬದಲಿಸಲು ಮಾತ್ರ ಸೋಮಾರಿತನ ಬಂತು. ಮುಂದಿನ ಎರಡು ಚಕ್ರಗಳನ್ನು ಮತ್ತೆ ಬಿಚ್ಚಬೇಕು, ಬೆನ್ನು ಬೇರೆ ನೋಯುತ್ತಿತ್ತು. ಮೇಲಾಗಿ ಅದು ಹೊರಗೆ ಕಾಣುವ ವಸ್ತುವಲ್ಲ. ಸೋಪಿನಲ್ಲಿ ಕೈ ಉಜ್ಜಿಕೊಳ್ಳುತ್ತ ಅಡುಗೆಮನೆಯತ್ತ ಕೂಗಿ ಹೇಳಿದ:

"ನಾಳೆ ಸ್ವಲ್ಪ ಬಿಸಿ ಮಾಡ್ಕೊಂಡು ಹೊರಡು ಕಣೇ."

"ಹ್ಞೂಂ," ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಅವಳು ಹೇಳಿದ್ದನ್ನು ಹೇಳಿದಂತೆಯೇ ಮಾಡಿದಳು. ಕಾರು ಚಾಲೂ ಮಾಡಿ, ನಿಂತಲ್ಲೇ ಗುಡುಗಲು ಬಿಟ್ಟು, ತಲೆಬಾಚಿಕೊಂಡು ಬಂದಳು. ಪಕ್ಕದ ಮನೆಯ ಕಿಟಕಿ ತೆರೆಯಿತು. "ಏನ್ರೀ, ಮನೇಲಿ ಹುಲಿ ಸಾಕಿದ್ದೀರಾ?" ಅಕ್ಕ ಕೈಮುಗಿದಳು. ಮುದ್ರಣಾಲಯ ಅದೇ ದಾರಿಯಲ್ಲಿದ್ದುದರಿಂದ ಬಾಮೈದ ಪಕ್ಕದ ಸೀಟಿನಲ್ಲಿ ಕೂತ. ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು.

ಬೀದಿಯ ಕೊನೆಯಲ್ಲಿ ಇಳಿಜಾರು, ಇಳಿಜಾರಿನ ಬುಡದಲ್ಲಿ ಸಿಗ್ನಲ್ಲು. ಕೆಂಪು ದೀಪದ ಮುಂದೆ ಒಂದು ಲಾಂಡ್ರಿ ವ್ಯಾನು ನಿಂತಿತ್ತು. ಅಕ್ಕ ಬ್ರೇಕು ಒತ್ತಿದಳು. ಪೆಡಲು ಕಲ್ಲಿನಂತೆ ಗಟ್ಟಿಯಾಗಿ ನಿಂತಿತು. ಕಾರು ಮಾತ್ರ ನಿಲ್ಲಲೊಲ್ಲದು. ಅವಳು ಸೀಟಿನಿಂದ ಎದ್ದು ಎರಡೂ ಕಾಲಲ್ಲಿ ಒತ್ತಿದಳು. ವ್ಯಾನಿನ ಹಿಂಬಾಗಿಲು ದೊಡ್ಡದಾಗುತ್ತ ಬಂತು.

"ಅಕ್ಕಾ!"

"ಸುಮ್ನಿರೋ!" ಎಂದು ಗದರಿ, ಹ್ಯಾಂಡ್‌ಬ್ರೇಕು ಎಳೆದು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಳು. ಕಾರು ಕಾಲುದಾರಿಯ ಅಂಚು ಹತ್ತಿ, ದೀಪದ ಕಂಬಕ್ಕೆ ಮೂತಿ ಕೊಟ್ಟು ನಿಂತಿತು. ಮುಂಭಾಗದಿಂದ ಬಿಸಿನೀರು ಬುಸುಗುಟ್ಟುತ್ತ ಸುರಿಯತೊಡಗಿತು. ಯಾರಿಗೂ ಗಾಯವಾಗಲಿಲ್ಲ. ವ್ಯಾನಿನವನು ಇಳಿದು ಬಂದ.

"ಏನಮ್ಮಾ, ನಿಮ್ಮ ಬ್ರೇಕು ಇವತ್ತು ರಜಾನಾ?"

ಅಕ್ಕ ಕಾರಿನಿಂದ ಇಳಿದಳು. ಅವಳು ಅಳಲೂ ಇಲ್ಲ, ಗಂಡನಿಗೆ ಫೋನ್ ಮಾಡಲೂ ಇಲ್ಲ. "ಅಣ್ಣಾ, ನೀವು ಕಾರ್ಖಾನೆಗಳ ಕಡೆ ಹೋಗ್ತೀರಾ?" ಎಂದು ಕೇಳಿದಳು. ಅವನು ಹ್ಞೂಂ ಎಂದದ್ದೇ ತಡ, ಕಾರಿನ ಬೀಗದ ಕೈಯನ್ನು ತಮ್ಮನ ಕೈಗೆ ತುರುಕಿ, ಕೊಳೆಬಟ್ಟೆಯ ಗಂಟುಗಳ ಮೇಲೆ ಹತ್ತಿ ಕೂತಳು. ಲ್ಯಾಬಿನ ಬಾಗಿಲು ತೆರೆಯುವ ಹೊತ್ತಿಗೆ ಅವಳು ಅಲ್ಲಿದ್ದಳು.

ಸಂಜೆ ಭಾವ, ಬಾಮೈದ ಮನೆಗೆ ಎಳೆಸಿ ತಂದಿದ್ದ ಕಾರಿನ ಮುರಿದ ಮೂತಿ ಸವರುತ್ತ ಕೂತಿದ್ದ. ಅಕ್ಕ ಬಂದಾಗ ಅವನ ಬಾಯಿಂದ ಬಂದ ಮೊದಲ ಮಾತು: "ಬಿಸಿ ಮಾಡ್ಕೊಂಡು ಹೊರಡು ಅಂದಿದ್ನಲ್ಲೇ!"

"ಮಾಡಿದೆ. ಬೀದಿ ಬೀದಿಯೆಲ್ಲ ಎದ್ದು ಕೂರೋ ಹಾಗೆ ಮಾಡಿದೆ."

"ಎಂಜಿನ್ ಅಲ್ಲ ಮಾರಾಯ್ತಿ, ಬ್ರೇಕು! ಆ ಪ್ಯಾಡು ತಣ್ಣಗಿದ್ರೆ ಹಿಡಿಯಲ್ಲ. ನಾಲ್ಕು ಸಲ ಒತ್ತಿ ಒತ್ತಿ ಬಿಸಿ ಮಾಡ್ಕೋಬೇಕು. ಎಲ್ರಿಗೂ ಗೊತ್ತಿರೋ ವಿಷಯ."

"ಬ್ರೇಕನ್ನ ಒಲೆ ಮೇಲೆ ಇಟ್ಟು ತೊಗೊಂಡು ಹೋಗ್ಬೇಕಿತ್ತಾ?"

"ಅಷ್ಟಕ್ಕೂ ಕೆಲಸಕ್ಕೆ ಹೊತ್ತಿಗೆ ಸರಿಯಾಗೇ ಹೋದ್ಯಲ್ಲ..."

ಬಾಮೈದನಿಗೆ ಅಲ್ಲೇ ಎರಡು ಬಿಡಬೇಕೆನಿಸಿತು. ಒಂದು ಪದ ಬಿಟ್ಟುಹೋದದ್ದಕ್ಕೆ ಮುದ್ರಣಾಲಯದಲ್ಲಾದರೆ ಒಂದು ಪುಟ ಮತ್ತೆ ಅಚ್ಚಾಗುತ್ತದೆ. ಇಲ್ಲಿ ಅಕ್ಕನ ಜೀವವೇ ಹೋಗುತ್ತಿತ್ತು. ಇವನಿಗೋ, ಹೆಂಡತಿ ಬದುಕಿ ಬಂದಳಲ್ಲ ಎನ್ನುವುದಕ್ಕಿಂತ ತಾನು ಹೇಳಿದ್ದು ಸರಿ ಎನ್ನುವುದೇ ದೊಡ್ಡದು. ಆದರೆ ಅಕ್ಕ ತಮ್ಮನನ್ನು ಕಣ್ಣಲ್ಲೇ ತಡೆದಳು. ದನಿ ಏರಿಸಲಿಲ್ಲ.

"ಆ ಪ್ಯಾಡು ಈಗ್ಲೇ ಬಿಚ್ಚಿ. ಹಳೇದು ನನ್ನ ಕಣ್ಣೆದುರೇ ಹಾಕಿ. ಸ್ಪ್ರಿಂಗೂ ಹಳೇದೇ, ಸೈಲೆನ್ಸರೂ ಹಳೇದೇ. ಇನ್ಮೇಲೆ ಭಾನುವಾರಾನೂ ಅದು ನನ್ನ ಕಾರೇ."

"ಹಾಗಂದ್ರೆ ಹೇಗೆ? ಮುಂದಿನ ವಾರ ಓಟ ಇದೆ ಕಣೇ."

"ನೀವು ಬೇಕಾದ್ರೆ ಓಡಿ. ಯಾರು ಬೇಡ ಅಂದ್ರು? ಕಾರು ಓಡಲ್ಲ."

ಭಾವ ಒಂದಷ್ಟು ದಿನ ಮುಖ ಊದಿಸಿಕೊಂಡು ತಿರುಗಿದ. ಮಾವನಿಗೆ ದೂರು ಹೇಳಿ ನೋಡಿದ. ಅವರು, "ನಂಗೆ ಈಗ ಸರಿಯಾಗಿ ಕಣ್ಣು ಕಾಣಲ್ಲಪ್ಪ, ಆದ್ರೂ ತಪ್ಪು ಯಾರದ್ದು ಅಂತ ಚೆನ್ನಾಗಿ ಕಾಣ್ತಿದೆ," ಎಂದರು. ಯಾರದಾದರೂ ಕಾರು ಎರವಲು ಸಿಗುತ್ತದೆಯೇ ಎಂದು ಕೂಟದವರನ್ನು ಕೇಳಿದ. ಯಾರೂ ಕೊಡಲಿಲ್ಲ. ಒಬ್ಬರ ಓಟವನ್ನು ಒಬ್ಬರು ಬಲ್ಲವರು ಅವರು.

ಅಕ್ಕನ ಕೆಲಸ ಖಾಯಂ ಆಯಿತು. ಕಾರು ಈಗ ಸದ್ದಿಲ್ಲದೆ ಲ್ಯಾಬಿಗೆ ಹೋಗಿ ಬರುತ್ತದೆ, ಪಕ್ಕದ ಮನೆಯವರು ಮತ್ತೆ ಮಾತಾಡಿಸುತ್ತಾರೆ. ಭಾವ ವಾರವಿಡೀ ಟೈಲ್ಸ್ ಮಾರುತ್ತಾನೆ. ಭಾನುವಾರ ಕೂಟದವರ ಯಾರದೋ ಕಾರಿನಲ್ಲಿ ಜಾಗ ಕೇಳಿಕೊಂಡು ಆ ಬಯಲಿಗೆ ಹೋಗಿ, ಎರಡನೇ ತಿರುವಿನಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಂತು, ಹಾದುಹೋಗುವವರಿಗೆ ನಿಧಾನಿಸಿ ಎಂದು ಹಳದಿ ಬಾವುಟ ಬೀಸುತ್ತಾನೆ.