ಪುಸ್ತಕದಲ್ಲಿಲ್ಲದ ಹೆಜ್ಜೆ

ಟಪ್. ಸರ್ರ್. ಟಪ್. ಸರ್ರ್.

ಬೆಳಿಗ್ಗೆ ಓಣಿಯಲ್ಲಿ ಈ ಸದ್ದು ಕೇಳಿದರೆ ಸಾಕು, ಅವಳು ಬಾಚಣಿಗೆ ಎಸೆದು ಚಪ್ಪಲಿ ಮೆಟ್ಟುತ್ತಿದ್ದಳು. ಒಂದು ಹೆಜ್ಜೆ ನೆಲಕ್ಕೆ ಬೀಳುವ ಸದ್ದು, ಇನ್ನೊಂದು ನೆಲವನ್ನು ಸವರಿಕೊಂಡು ಬರುವ ಸದ್ದು. ಇಸ್ತ್ರಿ ಅಕ್ಕನ ಎಡಗಾಲು ಚಿಕ್ಕಂದಿನಿಂದಲೂ ಬಲಗಾಲಿಗಿಂತ ತಡ. ಅಕ್ಕ ಯಾರ ಮನೆಯ ಮುಂದೂ ನಿಲ್ಲುವವಳಲ್ಲ, ಕೂಗುವವಳೂ ಅಲ್ಲ. ಸದ್ದು ಬಾಗಿಲು ದಾಟುವುದರೊಳಗೆ ಹೊರಬಿದ್ದರೆ ದಾರಿಗೆ ಜೊತೆ. ಇಬ್ಬರೂ ಹೋಗುವುದು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಒಂದೇ ಕಾರ್ಖಾನೆಗೆ.

ಅಲ್ಲಿ ಅಕ್ಕನ ಜೊತೆಗಾತಿಯಾದ ಈ ಹುಡುಗಿಯನ್ನು ಎಲ್ಲರೂ ಕರೆಯುವುದು ರೇಡಿಯೋ ಎಂದು. ಶಾಲೆಯಲ್ಲಿದ್ದಾಗ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ನಿಂತು ಪೇಪರ್ ಓದುತ್ತಿದ್ದ ಹುಡುಗಿ ಅವಳು. ಅಪ್ಪ ತೀರಿಕೊಂಡ ಮೇಲೆ ಓದು ನಿಂತಿತು, ಸೂಜಿ ಕೈಗೆ ಬಂತು. ಕಾರ್ಖಾನೆಗೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಿಷನ್ನುಗಳೆಲ್ಲ ನಿಂತಾಗ, ಬಟ್ಟೆಯ ಗಂಟಿಗೆ ಸುತ್ತಿ ಬಂದಿದ್ದ ಹಳೆಯ ವಾರಪತ್ರಿಕೆಯ ಹಾಳೆಯೊಂದನ್ನು ಎತ್ತಿಕೊಂಡು ಸುಮ್ಮನೆ ಜೋರಾಗಿ ಓದಿದಳು. ಕರೆಂಟು ಬಂದಿತು; ಯಾರೂ ಮಿಷನ್ ಹಾಕಲಿಲ್ಲ. ಅರ್ಧ ಕಥೆಯ ಹಾಳೆ ಅದು. "ಮುಂದೆ ಏನಾಯ್ತೇ?" ಎಂದು ಗುಂಡಿ ಅತ್ತೆ ಕೇಳಿದಳು. ಗುಂಡಿ ಹಚ್ಚುವವರಿಗೆಲ್ಲ ಹಿರಿಯಳು ಅವಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಮಧ್ಯಾಹ್ನ ಮಿಷನ್ನುಗಳಿಗೆ ವಿರಾಮ ಕೊಟ್ಟು ಎಲ್ಲರೂ ಕೈಹೊಲಿಗೆಗೆ ಕೂರುವ ಹೊತ್ತಿನಲ್ಲಿ ರೇಡಿಯೋ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಓದುವುದು. ಅವಳ ಪಾಲಿನ ಅಂಚುಗಳನ್ನು ಮಿಕ್ಕವರು ಹಂಚಿಕೊಂಡು ಹೊಲಿಯುವುದು. ಎಲ್ಲರ ಕಣ್ಣೂ ಸೂಜಿಯ ಮೇಲೆ. ಪುಸ್ತಕದ ಪುಟ ನೋಡುವವಳು ಅವಳೊಬ್ಬಳೇ.

ಈ ಸಲ ಅವಳು ಗ್ರಂಥಾಲಯದಿಂದ ತಂದದ್ದು ದಪ್ಪನೆಯ ಪತ್ತೇದಾರಿ ಕಾದಂಬರಿ. ಕಾಡಿನ ನಡುವೆ ಹಳೆಯ ಕಲ್ಲುಕಟ್ಟಡದ ವಸತಿ ಶಾಲೆ. ಅಲ್ಲಿ ಬುದ್ಧಿವಂತ ಹುಡುಗಿಯರ ಒಂದು ಗುಂಪು. ಯಾರೂ ಮಾತಾಡದ ಭಾಷೆಗಳನ್ನು ಕಲಿಸುವ ಮೃದು ಮಾತಿನ ಮೇಷ್ಟ್ರು. ಬೀಗ ಹಾಕಿದ ಗೋಪುರದಲ್ಲಿ ಮಾಟದ ಪುಸ್ತಕ, ಮೇಣದಬತ್ತಿ, ರಕ್ತದ ಆಣೆ. ಒಂದು ಬೆಳಿಗ್ಗೆ ಆ ಗುಂಪಿನ ಒಬ್ಬಳು ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿರುತ್ತಾಳೆ.

"ಅಪ್ಪ ಅಮ್ಮ ಹೊಟ್ಟೆ ಬಟ್ಟೆ ಕಟ್ಟಿ ಓದೋಕೆ ಕಳಿಸಿದ್ರೆ ಇವು ಮೇಣದಬತ್ತಿ ಹಚ್ಕೊಂಡು ಕೂತ್ಕೊಳ್ತಾವಾ?" ಎಂದಳು ಗುಂಡಿ ಅತ್ತೆ. "ನಾನಾಗಿದ್ರೆ ಕಿವಿ ಹಿಂಡಿ ಮಲಗಿಸ್ತಿದ್ದೆ. ಕೊಲೆಯೂ ಇಲ್ಲ, ಕಾದಂಬರಿಯೂ ಇಲ್ಲ."

ಕಾಲರ್ ಹೊಲಿಯುವ ಹುಡುಗಿ, ತುಂಬು ಬಸುರಿ, ದಾರ ಕಡಿಯುತ್ತಾ ಕೇಳಿದಳು: "ಅಲ್ಲಾ, ಅವರಲ್ಲೊಬ್ಬಳು ಕೋಟಿನ ಒಳಜೇಬಲ್ಲಿ ಚಾಕು ಇಟ್ಕೊಂಡಿದ್ಲು ಅಂತಲ್ಲ, ಯಾವ ಜೇಬದು? ನಾವು ಹೊಲಿಯೋ ಜೇಬಲ್ಲಿ ಪೆನ್ಸಿಲ್ಲೇ ನಿಲ್ಲಲ್ಲ."

"ಆ ಮೇಷ್ಟ್ರದ್ದೇ ಕೆಲಸ. ಅಷ್ಟು ಮೆತ್ತಗೆ ಮಾತಾಡೋನನ್ನ ನಂಬಬಾರದು," ಎಂದರು ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್, ತಮ್ಮ ಮೇಜಿನಿಂದಲೇ.

"ನೀವು ಕಥೆಗಿಥೆ ಕೇಳಲ್ಲ ಅಂದಿದ್ರಲ್ಲ ಮಾಸ್ಟ್ರೇ?" ಎಂದಳು ಕಾಲರ್ ಹುಡುಗಿ.

"ಕೇಳಲ್ಲ. ಕಿವಿ ಮುಚ್ಕೊಳ್ಳೋಕೆ ಕೈ ಖಾಲಿ ಇಲ್ಲ, ಅಷ್ಟೇ."

ಪಕ್ಕದ ಇಸ್ತ್ರಿ ಕೋಣೆಗೆ ಅರ್ಧ ಬಾಗಿಲು. ಅದರ ಮೇಲಿಂದ ಇಸ್ತ್ರಿ ಅಕ್ಕ ಒಂದೇ ಒಂದು ಮಾತು ಕೇಳಿದಳು: "ಸತ್ತ ಹುಡುಗಿಯ ಬಟ್ಟೆಬರೆ ಯಾರು ಮಡಚಿ ಮನೆಗೆ ಕಳಿಸಿದ್ರು? ಅದನ್ನ ಬರೆದಿಲ್ವಾ?"

ಬರೆದಿರಲಿಲ್ಲ.

ಆಮೇಲಿನ ಅಧ್ಯಾಯಗಳಲ್ಲಿ ಕಥೆ ತೂಕಡಿಸತೊಡಗಿತು. ಗೋಪುರದ ಕಂಬಗಳು, ಕಪಾಟುಗಳು, ಧೂಳು, ಮತ್ತೆ ಕಂಬಗಳು. "ರೇಡಿಯೋ, ಸ್ಟೇಷನ್ ಬದಲಾಯಿಸೇ," ಎಂದು ಗುಂಡಿ ಅತ್ತೆ ಆಕಳಿಸಿದಳು. "ಹಿಂಗೇ ಆದ್ರೆ ನಾಳೆಯಿಂದ ನೀನೂ ನಮ್ಮ ಜೊತೆ ಸೂಜಿ ಹಿಡಿ." ತಮಾಷೆಗೆ ಅಂದದ್ದು. ಆದರೂ ಬೆತ್ತದ ಕುರ್ಚಿ ಅವಳ ಕೆಳಗೆ ಅಲುಗಿದಂತಾಯಿತು. ಬದುಕಿನಲ್ಲಿ ಅವಳಿಗೆಂದು ಸಿಕ್ಕಿದ್ದ ಎತ್ತರ ಆ ಕುರ್ಚಿಯೊಂದೇ.

ಮರುದಿನ ಓದುತ್ತಿದ್ದಾಗ ಒಂದು ಸಾಲು ಬಂತು: ವಾರ್ಡನ್ ದೀಪ ಹಿಡಿದು ಪಡಸಾಲೆಯಲ್ಲಿ ಹಾದುಹೋದಳು. ಅಷ್ಟೇ. ಅವಳು ಪುಟದಿಂದ ಕಣ್ಣೆತ್ತದೆ ಮುಂದುವರಿಸಿದಳು: "ಕತ್ತಲಲ್ಲಿ ಆಕೆಯ ಹೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು. ಟಪ್. ಸರ್ರ್. ಟಪ್. ಸರ್ರ್."

ಸೂಜಿಗಳು ನಿಂತವು. ಅದೇ ಹೊತ್ತಿಗೆ ಅರ್ಧ ಬಾಗಿಲು ತಳ್ಳಿಕೊಂಡು, ಮಡಚಿದ ಲಂಗಗಳ ರಾಶಿ ಹೊತ್ತು, ಟಪ್, ಸರ್ರ್ ಎಂದು ಇಸ್ತ್ರಿ ಅಕ್ಕ ಒಳಗೆ ಬಂದಳು.

ಕಾಲರ್ ಹುಡುಗಿ ಕಿಟಾರನೆ ಕಿರುಚಿದಳು. ಆಮೇಲೆ ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಏನೆಂದು ತಿಳಿಯದೆ ಅಕ್ಕನೂ ನಕ್ಕಳು. ಎಲ್ಲರೂ ನಗುವಾಗ ನಗುವುದು ಅವಳ ಸ್ವಭಾವ.

ಆ ನಗು ರೇಡಿಯೋಳ ತಲೆಗೇರಿತು. ದಿನಕ್ಕಿಷ್ಟು ಸೇರಿಸತೊಡಗಿದಳು. ವಾರ್ಡನ್ ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಾ ತುಟಿಯಲ್ಲೇ ಮಣಮಣ ಎನ್ನುತ್ತಾಳೆ. ವಾರ್ಡನ್‌ಳ ಮೊಣಕೈ ಕೆಳಗೆ ಅರ್ಧಚಂದ್ರದಂಥ ಸುಟ್ಟ ಕಲೆ. ಹುಡುಗಿಯರಿಗೆ ಮಾಟ ಕಲಿಸಿದವಳು ಅವಳೇ. ಇಸ್ತ್ರಿ ಅಕ್ಕನ ಮೈಮೇಲೆ ಇದ್ದದ್ದೆಲ್ಲ ಒಂದೊಂದಾಗಿ ಪುಸ್ತಕದೊಳಗೆ ಹೋಯಿತು. ಮೇಷ್ಟ್ರ ಮೇಲಿದ್ದ ಅನುಮಾನ ಎಲ್ಲರಿಗೂ ಮರೆತೇ ಹೋಯಿತು.

"ಅಯ್ಯೋ, ಅಕ್ಷರ ಅಕ್ಷರ ನಮ್ಮ ಅಕ್ಕನೇ ಕಣೇ! ಬರೆದವರಿಗೆ ಹೆಂಗೆ ಗೊತ್ತಾಯ್ತು?"

"ಅಂಥವರು ಎಲ್ಲಾ ಕಡೆ ಇರ್ತಾರೆ. ಅವರ ಗುರುತು ಒಂದೇ," ಎಂದಳು ಗುಂಡಿ ಅತ್ತೆ. ಆಗ ಅವಳು ನಗುತ್ತಿರಲಿಲ್ಲ.

ಊಟದ ಡಬ್ಬಿಗಳ ವಿಷಯ ಹೇಳಬೇಕು. ಇಸ್ತ್ರಿ ಮೇಜಿನ ಒಂದು ಅಂಚು ಯಾವಾಗಲೂ ಬೆಚ್ಚಗಿರುತ್ತಿತ್ತು. ಬೆಳಿಗ್ಗೆ ಬಂದವರೆಲ್ಲ ಡಬ್ಬಿಗಳನ್ನು ಅಲ್ಲಿ ಸಾಲಾಗಿ ಇಟ್ಟರೆ, ಅಕ್ಕ ಅವುಗಳ ಮೇಲೆ ದಪ್ಪ ಬಟ್ಟೆ ಹೊದಿಸಿ, ಆಗಾಗ ತಿರುಗಿಸಿಟ್ಟು, ಊಟದ ಹೊತ್ತಿಗೆ ಬಿಸಿಯಾಗಿ ಕೈಗೆ ಕೊಡುತ್ತಿದ್ದಳು. ರೇಡಿಯೋ ಸೇರಿದ ಮೊದಲ ದಿನ, ಯಾರ ಪರಿಚಯವೂ ಇಲ್ಲದೆ ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಾಗ, "ಕೊಡಮ್ಮ, ಆರಿದ್ದು ತಿಂದ್ರೆ ಅಳು ಬರುತ್ತೆ" ಎಂದು ತಾನಾಗಿ ಬಂದು ಇಸಿದುಕೊಂಡು ಹೋದವಳು ಅಕ್ಕನೇ.

ಮೊದಲು ಕಾಲರ್ ಹುಡುಗಿಯ ಡಬ್ಬಿ ಆ ಸಾಲಿನಿಂದ ಹೋಯಿತು. ಕಥೆಯನ್ನು ಅವಳು ಮನೆಯಲ್ಲಿ ಸುದ್ದಿ ಹೇಳುವಂತೆ ಹೇಳಿದ್ದಳು. "ನಮ್ಮತ್ತೆ ಬೇಡ ಅಂದ್ರು ಕಣೇ. ಇಂಥ ಹೊತ್ತಲ್ಲಿ ಸುಮ್ನೆ ಯಾಕೆ," ಎಂದು ಪಿಸುಗುಟ್ಟಿದಳು. ಆಮೇಲೆ ಗುಂಡಿ ಅತ್ತೆಯದು. ಆಮೇಲೆ ಒಂದೊಂದೇ. ಎಲ್ಲರೂ ಆರಿದ ಊಟ ಮಾಡಿದರು. ಕೊನೆಗೆ ರೇಡಿಯೋಳ ಡಬ್ಬಿ ಒಂದೇ ಉಳಿಯಿತು. ಅದನ್ನು ತರಲು ಇಸ್ತ್ರಿ ಕೋಣೆಗೆ ಹೋಗಿಬರುವಾಗ ಎಲ್ಲರ ಕಣ್ಣೂ ಬೆನ್ನ ಮೇಲೆ. "ನಿಂಗೆ ಧೈರ್ಯ ಜಾಸ್ತಿ ಬಿಡು," ಎಂದರು ಯಾರೋ.

ಮಾರನೆಯ ದಿನ ಅವಳು ಡಬ್ಬಿಯನ್ನು ಬೆತ್ತದ ಕುರ್ಚಿಯ ಕೆಳಗಿಟ್ಟಳು.

ಅಕ್ಕ ಮೇಜಿನ ಆ ಅಂಚನ್ನು ದಿನವೂ ಒರೆಸಿ ಖಾಲಿ ಬಿಟ್ಟಿರುತ್ತಿದ್ದಳು. ಓಣಿಯಲ್ಲಿ ಸದ್ದು ಕೇಳಿದಾಗ ರೇಡಿಯೋ ಬಾಚಣಿಗೆಯನ್ನು ಕೈಯಲ್ಲೇ ಹಿಡಿದು, ಅದು ಬಾಗಿಲು ದಾಟಿ ತಿರುವು ಕಳೆಯುವವರೆಗೆ ಉಸಿರು ಬಿಗಿಹಿಡಿದು ನಿಲ್ಲತೊಡಗಿದಳು. ಪ್ರತಿದಿನವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು. ಕುರ್ಚಿಯಲ್ಲಿ ಕೂತು ಪುಸ್ತಕ ಬಿಡಿಸಿದ ಕೂಡಲೇ ಎಲ್ಲರ ಮುಖ ಅವಳ ಕಡೆ ತಿರುಗುವುದು. ನಾಲಗೆ ತನ್ನ ಪಾಡಿಗೆ ತಾನು ಆ ಹೆಜ್ಜೆಯನ್ನೇ ನಡೆಸುವುದು.

ರಜೆಯ ದಿನ ಬೆಳಿಗ್ಗೆ ಸದ್ದು ಬಂತು. ಬಾಗಿಲ ಮುಂದೆ ನಿಂತಿತು. ಅದು ಎಂದೂ ನಿಂತಿರಲಿಲ್ಲ.

ಇಸ್ತ್ರಿ ಅಕ್ಕ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಕೇಳಿದಳು: "ಆ ಪುಸ್ತಕ ಇದೆಯೇನಮ್ಮ? ಒಂಚೂರು ತೋರಿಸ್ತೀಯಾ? ನಾನು ಯಾವ ಪುಟದಲ್ಲಿದೀನಿ?"

ಅಕ್ಕನಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ರೇಡಿಯೋ ಪುಸ್ತಕ ತಂದಳು. ಯಾವುದೋ ಪುಟ ತೆರೆದಳು. ಯಾವುದೋ ಸಾಲಿನ ಮೇಲೆ ಬೆರಳಿಟ್ಟಳು. ಅಕ್ಕ ಸೆರಗಿನಲ್ಲಿ ಹೆಬ್ಬೆರಳು ಒರೆಸಿಕೊಂಡು ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಸವರಿದಳು.

"ಇಷ್ಟೇನಾ," ಎಂದಳು. "ಕಾಲಿನ ವಿಷಯ ಬರೆದಿರೋದು ಸರಿ, ಅದು ಇರೋದೇ. ಆದ್ರೆ ನಾನು ಮಣಮಣ ಅನ್ನೋದು ಮಂತ್ರ ಅಲ್ಲಮ್ಮ. ಸೈಜು ಹೇಳ್ಕೊಳ್ತೀನಿ. ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು ಅಂತ. ಹೇಳ್ಕೊಳ್ಳದಿದ್ರೆ ಗಂಟು ಅದಲು ಬದಲಾಗುತ್ತೆ." ಆಮೇಲೆ ಹೇಳಿದಳು: "ನೀನು ಓದು ಬಲ್ಲವಳು. ಬರೆದೋರಿಗೆ ನನ್ನ ಪರವಾಗಿ ಒಂದು ಕಾಗದ ಹಾಕ್ತೀಯಾ? ಅವರ ಮೇಲೆ ನನಗೆ ಸಿಟ್ಟಿಲ್ಲ ಅನ್ನು. ಎಲ್ಲೋ ನೋಡಿರ್ತಾರೆ, ತಪ್ಪು ತಿಳ್ಕೊಂಡಿರ್ತಾರೆ. ಮುಂದಿನ ಸಲ ಅಚ್ಚು ಹಾಕುವಾಗ ನನ್ನನ್ನ ತೆಗೆದುಬಿಡಿ ಅಂತ ಬರಿ."

"ಆಯ್ತಕ್ಕ, ಬರೀತೀನಿ," ಎಂದಳು ರೇಡಿಯೋ. ಆ ಮಾತು ತನ್ನದೇ ಬಾಯಿಂದ ಬಂದದ್ದನ್ನು ಕೇಳಿ ನಾಚಿಕೆಯಿಂದ ಭೂಮಿಗಿಳಿದು ಹೋದಳು. ಅಕ್ಕನಿಗೆ ಕೂರು ಎನ್ನುವುದಕ್ಕೂ ಆಗಲಿಲ್ಲ. ಹೆಜ್ಜೆ ತಿರುವಿನಲ್ಲಿ ಕರಗಿದ ಮೇಲೆ ಆ ಸಾಲನ್ನು ನೋಡಿದಳು. ಗೋಪುರದ ಕಿಟಕಿಯ ಗಾಜು ಒಡೆದಿತ್ತು ಎಂದಿತ್ತು ಅಲ್ಲಿ.

ಮರುದಿನ ಕೊನೆಯ ಅಧ್ಯಾಯ. ಕಟಿಂಗ್ ಮಾಸ್ಟರ್ ಕೂಡ ಸ್ಟೂಲು ಎಳೆದುಕೊಂಡು ಬಂದು ಕೂತರು. ಪುಸ್ತಕದಲ್ಲಿ ಪೊಲೀಸರು ಗೋಪುರ ಹತ್ತುತ್ತಿದ್ದರು.

"ಆ ಮಾಟಗಾತಿಯನ್ನ ಏನ್ಮಾಡ್ತಾರೆ?" ಎಂದಳು ಗುಂಡಿ ಅತ್ತೆ. "ಅದನ್ನ ಮೊದಲು ಹೇಳು."

"ಸುಡ್ತಾರಾ?" ಎಂದಳು ಕಾಲರ್ ಹುಡುಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಅರ್ಧ ಬಾಗಿಲಿನಾಚೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು.

ರೇಡಿಯೋ ಪುಟ ನೋಡಿದಳು. ವಾರ್ಡನ್‌ಳ ಹೆಸರೇ ಅಲ್ಲಿರಲಿಲ್ಲ. ದೀಪ ಹಿಡಿದು ಹಾದುಹೋದವಳು ಪುಸ್ತಕದಲ್ಲಿ ಮತ್ತೆ ಬಂದೇ ಇರಲಿಲ್ಲ. ಈಗ ಏನಾದರೂ ಹೇಳಬೇಕಾದರೆ ಅದನ್ನೂ ಅವಳೇ ಹುಟ್ಟಿಸಬೇಕು.

"ಅದು ಪುಸ್ತಕದಲ್ಲಿಲ್ಲ," ಎಂದಳು. ದನಿ ಪ್ರಾರ್ಥನೆಗೆ ನಿಂತ ಹುಡುಗಿಯ ದನಿಯಂತೆ ತೆಳ್ಳಗಾಗಿತ್ತು. "ಹೆಜ್ಜೆ, ನೀರು, ಕಲೆ, ಎಲ್ಲ ನಾನು ಸೇರಿಸಿದ್ದು. ನೀವು ನಗಲಿ ಅಂತ. ಅಕ್ಕನನ್ನ ನೋಡಿ ಸೇರಿಸಿದೆ."

ಯಾರೂ ನಂಬಲಿಲ್ಲ.

"ನಿನ್ನೆ ಅವಳು ನಿಮ್ಮ ಮನೆ ಹತ್ರ ಬಂದಿದ್ಲಂತಲ್ಲ?" ಗುಂಡಿ ಅತ್ತೆ ಸೂಜಿ ಕೆಳಗಿಟ್ಟಳು. "ಏನು ಕೊಟ್ಲು? ಏನಾದ್ರೂ ತಿಂದ್ಯಾ? ನಿಜ ಹೇಳು."

"ಅಕ್ಕ ಹೆದರಿಸಿದ್ದಾಳೆ, ಅತ್ತೆ. ಮುಖ ನೋಡಿ ಇವಳದು!" ಎಂದಳು ಕಾಲರ್ ಹುಡುಗಿ.

ತಾನು ಸೇರಿಸಿದ ಸುಳ್ಳಿಗೆ ಒಂದೂ ಪ್ರಶ್ನೆ ಹಾಕದವರು ನಿಜಕ್ಕೆ ಸಾಕ್ಷಿ ಕೇಳುತ್ತಿದ್ದರು. ಆ ಸುಳ್ಳನ್ನು ಅಷ್ಟು ಗಟ್ಟಿಯಾಗಿ ಹೊಲಿದವಳು ತಾನೇ. ಅವಳು ಎದ್ದು, ವಾರ್ಡನ್ ಬರುವ ಪುಟ ಹುಡುಕಿ, ಪುಸ್ತಕವನ್ನು ಕಟಿಂಗ್ ಮಾಸ್ಟರ್ ಕೈಗಿಟ್ಟಳು. ಅವರು ಕನ್ನಡಕ ಹಾಕಿಕೊಂಡರು.

"ವಾರ್ಡನ್ ದೀಪ ಹಿಡಿದು ಪಡಸಾಲೆಯಲ್ಲಿ ಹಾದುಹೋದಳು," ಎಂದು ಓದಿದರು.

"ಮುಂದೆ?"

"ಮುಂದೆ ಗಾಳಿ ಬೀಸಿತು ಅಂತಿದೆ." ಮಾಸ್ಟರ್ ಪುಟ ತಿರುವಿದರು, ಹಿಂದಕ್ಕೆ ಬಂದರು, ಮತ್ತೆ ತಿರುವಿದರು. "ಅಷ್ಟೇ ಕಣ್ರೀ. ಇನ್ನೇನಿಲ್ಲ."

ಕಾಲರ್ ಹುಡುಗಿ ತಲೆ ಬಗ್ಗಿಸಿ, ಬಿಚ್ಚಬೇಕಿಲ್ಲದ ಹೊಲಿಗೆಯೊಂದನ್ನು ಬಿಚ್ಚತೊಡಗಿದಳು. ಅರ್ಧ ಬಾಗಿಲ ಬಳಿ ಇಸ್ತ್ರಿ ಅಕ್ಕ ನಿಂತಿದ್ದಳು. ಯಾವಾಗಿನಿಂದಲೋ.

"ಹಾಗಾದ್ರೆ ನಾನು ಬೆರಳಿಟ್ಟ ಸಾಲಲ್ಲಿ ಏನಿತ್ತಮ್ಮ?" ಎಂದು ಕೇಳಿದಳು.

"ಕಿಟಕಿ ಗಾಜು ಒಡೆದಿತ್ತು ಅಂತ ಇತ್ತಕ್ಕ."

ಅಕ್ಕ ತಲೆಯಾಡಿಸಿದಳು, ಯಾರೋ ದಾರಿ ಹೇಳಿದಾಗ ಆಡಿಸುವಂತೆ. ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ತನ್ನ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಎಲ್ಲರ ನಡುವೆಯೇ, ಟಪ್, ಸರ್ರ್, ಟಪ್, ಸರ್ರ್ ಎಂದು ದಾಟಿ ಹೊರಟುಹೋದಳು. ಆ ಸದ್ದು ಅಷ್ಟು ಉದ್ದವಿರುತ್ತದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

"ಎಂಥ ಕೆಲಸ ಮಾಡಿಸಿದ್ಯೇ ನಮ್ಮ ಕೈಲಿ," ಎಂದಳು ಗುಂಡಿ ಅತ್ತೆ. ಎತ್ತಿಕೊಂಡ ಸೂಜಿಯನ್ನು ಮತ್ತೆ ಕೆಳಗಿಟ್ಟಳು. ತಿಂಗಳಿಂದ ಆರಿದ ಊಟ ಉಂಡದ್ದು ಅವಳಿಗೂ ನೆನಪಾಗಿರಬೇಕು.

ರೇಡಿಯೋ ಕುರ್ಚಿ ಸರಿಸಿ ಹೊರಟಳು. ಕಾಲು ತಾಗಿ ಅಡಿಯಲ್ಲಿದ್ದ ಡಬ್ಬಿ ಉರುಳಿತು, ಒಳಗಿನ ಚಮಚ ಸದ್ದು ಮಾಡಿತು, ಯಾರೂ ನಗಲಿಲ್ಲ.

"ಎಲ್ಲಿಗೆ ಹೊರಟೆ? ಕಥೆ ಅರ್ಧಕ್ಕೇ ನಿಂತಿದೆ. ಕೊಂದದ್ದು ಯಾರು ಅಂತಾದ್ರೂ ಹೇಳಿ ಹೋಗೇ!"

"ಮಾಸ್ಟ್ರು ಓದ್ತಾರೆ ಅತ್ತೆ," ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು, ಮಾತು ಅವಳ ಹಿಂದೆ ಹಿಂದೆ ಬರುತ್ತಿತ್ತು, "ಅಲ್ಲಿರೋದಷ್ಟನ್ನೇ ಓದ್ತಾರೆ, ಅಕ್ಕ ತಿರುವು ದಾಟೋದ್ರೊಳಗೆ ನಾನು ಹೋಗಿ ಅವಳಿಗೆ ತಪ್ಪಾಯ್ತು ಅಂತ…"